ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ತರಗತಿ: ಶಿಕ್ಷಕರ ಗುಣ ಕುರಿತು ಒಂದು ಟಿಪ್ಪಣಿ

ಒಳ್ಳೆಯ ಮೇಷ್ಟ್ರು ಯಾರೆಂದು ಕೇಳಿದರೆ ಹಳ್ಳಿಯವರು ತಡಮಾಡದೆ ಹೆಸರು ಹೇಳುತ್ತಾರೆ. ಅವರಲ್ಲಿ ಒಳ್ಳೆಯದೇನು ಎಂದು ಮತ್ತೆ ಕೇಳಿದರೆ ‘ಚೆನ್ನಾಗಿ ಹೇಳಿಕೊಡ್ತಾರೆ’, ‘ಮಕ್ಕಳ ಕಂಡ್ರೆ ಅಕ್ಕರೆ’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ನೇಮಕಾತಿ, ತರಬೇತಿ, ತಪಾಸಣೆಯ ಕಡತಗಳು ಇದಕ್ಕಿಂತ ಹೆಚ್ಚೇನನ್ನೂ ಹೇಳುವುದಿಲ್ಲ. ಊರವರು ಅಕ್ಕರೆ ಎನ್ನುವುದು ತರಗತಿಯೊಳಗೆ ಯಾವ ಯಾವ ಕೆಲಸವಾಗಿ ಕಾಣಿಸಿಕೊಳ್ಳುತ್ತದೆ ಎಂದು ಗುರುತಿಸುವುದು ಈ ಟಿಪ್ಪಣಿಯ ಉದ್ದೇಶ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸುತ್ತಲಿನ ಕಾಡಂಚಿನ ಸರ್ಕಾರಿ ಪ್ರಾಥಮಿಕ ಶಾಲೆಯನ್ನು ಕಣ್ಣೆದುರಿಗಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಶಿಕ್ಷಕರನ್ನು ಪರಿಣಾಮಕಾರಿಯಾಗಿಸುವ ಗುಣಗಳಲ್ಲಿ ಮುಖ್ಯವಾದವು ಎರಡು: ಎಲ್ಲ ಮಕ್ಕಳ ಮೇಲೂ ನೆಲೆನಿಂತ ಗಮನ ಮತ್ತು ಉತ್ತರಕ್ಕಾಗಿ ಕಾಯುವ ಶಕ್ತಿ. ಇವೆರಡೂ ಹುಟ್ಟಿನಿಂದ ಬರುವ ವರಗಳಲ್ಲ, ಅಭ್ಯಾಸದಿಂದ ಬರುವಂಥವು ಎಂಬುದು ನನ್ನ ನಿಲುವು.

ಗುಂಡ್ಲುಪೇಟೆಯಿಂದ ಊಟಿಯತ್ತ ಹೊರಟರೆ ಹಂಗಳ ಸಿಗುತ್ತದೆ. ಅಲ್ಲಿಂದ ಬಲಕ್ಕೆ ತಿರುಗಿದರೆ ಬೆಟ್ಟದ ದಾರಿ. ಖಾಸಗಿ ವಾಹನಗಳು ಬುಡದಲ್ಲೇ ನಿಲ್ಲುತ್ತವೆ. 1,454 ಮೀಟರ್ ಎತ್ತರದ ಮಂಜಿನ ನೆತ್ತಿಗೆ ಸಾರಿಗೆ ಸಂಸ್ಥೆಯ ಬಸ್ಸೇ ಗತಿ. ಬೆಟ್ಟವಿರುವುದು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದೊಳಗೆ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆರಿಸಿಕೊಂಡ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಪ್ರವಾಸಿಗರ ಕಣ್ಣಿಗೆ ಬೀಳುವುದು ಗುಡಿ, ಮಂಜು, ಮಳೆಗಾಲದ ಚೆಂಡು ಹೂವಿನ ಹೊಲ. ಶಾಲೆಯ ಕಡೆಯಿಂದ ನೋಡಿದರೆ ಚಿತ್ರವೇ ಬೇರೆ. ರಾತ್ರಿ ಆನೆ ಬಂದ ಊರಿನಲ್ಲಿ ಅಪ್ಪ ಕಾವಲಿಗೆ ಹೋಗಿರುತ್ತಾನೆ, ಮನೆಯಲ್ಲಿ ಯಾರಿಗೂ ನಿದ್ದೆಯಿರುವುದಿಲ್ಲ. ಬೆಳಿಗ್ಗೆ ಮಗು ಶಾಲೆಗೆ ಬಂದರೂ ತೂಕಡಿಸುತ್ತದೆ. ಕಾಫಿ ಕೊಯ್ಲಿನ ಹೊತ್ತಿಗೆ ಗಿರಿಜನರ ಹಾಡಿಯ ಎಷ್ಟೋ ಕುಟುಂಬಗಳು ಕೊಡಗು, ವಯನಾಡಿನ ತೋಟಗಳಿಗೆ ಹೊರಡುತ್ತವೆ, ಮಕ್ಕಳೂ ಜೊತೆಗೆ ಹೋಗುತ್ತಾರೆ. ತಿರುಗಿ ಬಂದ ಮಗುವಿಗೆ ಪಾಠ ಎಲ್ಲಿಗೆ ನಿಂತಿತ್ತೆಂಬುದೇ ಮರೆತಿರುತ್ತದೆ. ಸೋಲಿಗ, ಜೇನುಕುರುಬ ಮಕ್ಕಳ ಮನೆಮಾತು ಕನ್ನಡಕ್ಕೆ ಹತ್ತಿರವಾದರೂ ಪುಸ್ತಕದ ಕನ್ನಡವಲ್ಲ. ಒಕ್ಕಲು ಮಕ್ಕಳ ಕನ್ನಡವೂ ಹಾಗೆಯೇ: ಮನೆ ‘ಮನ’ ಆಗುತ್ತದೆ, ಆನೆ ‘ಆನ’ ಆಗುತ್ತದೆ. ಈ ಸೀಮೆಯ ಮಾತಿನಲ್ಲೇ ದೇವನೂರ ಮಹಾದೇವರು ‘ಕುಸುಮಬಾಲೆ’ ಬರೆದರು, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಒಂದನೇ ತರಗತಿಯ ಹುಡುಗಿ ಅದೇ ಮಾತಿನಲ್ಲಿ ಉತ್ತರ ಕೊಟ್ಟರೆ ಮಾತ್ರ ಇಂದಿಗೂ ತಿದ್ದಿಸಿಕೊಂಡು ಕೂರಬೇಕಾಗುತ್ತದೆ.

ಚಾಮರಾಜನಗರ ಸೀಮೆಯಲ್ಲಿ ಶಾಲೆಗಿಂತ ಹಳೆಯದಾದ ಗುರುವಿನ ಚಿತ್ರವೊಂದಿದೆ. ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಗುರು ಶಿಷ್ಯನನ್ನು ಕಠಿಣವಾಗಿ ಪರೀಕ್ಷಿಸುತ್ತಾನೆ. ಹಲಗೂರಿನ ಪಾಂಚಾಳರಿಂದ ಕಬ್ಬಿಣದ ಭಿಕ್ಷೆ ತಾ ಎಂದು ಶಿಷ್ಯ ಸಿದ್ಧಪ್ಪಾಜಿಯನ್ನು ಕಳಿಸುವ ಪ್ರಸಂಗ ಆ ಪರೀಕ್ಷೆಗಳಲ್ಲೆಲ್ಲ ದೊಡ್ಡದು. ಚಿಕ್ಕಲ್ಲೂರು ಜಾತ್ರೆಗೆ ಹೋಗುವವರಿಗೆ ಈ ಕಥೆಯನ್ನು ಹೇಳಿಕೊಡಬೇಕಿಲ್ಲ. ಆದರೆ ಕಥೆಯೊಳಗಿನ ಗುರುವಿಗೂ ಆ ಕಥೆಯನ್ನು ಕಲಿಸುವ ಗುರುವಿಗೂ ವ್ಯತ್ಯಾಸವಿದೆ. ನೀಲಗಾರರ ಮೇಳದಲ್ಲಿ ಹೊಸಬ ಮೊದಲು ಹಿಮ್ಮೇಳದಲ್ಲಿ ಕೂತು ಸೊಲ್ಲು ಹಿಡಿಯುತ್ತಾನೆ. ಎಷ್ಟೋ ರಾತ್ರಿಗಳ ಕೇಳ್ಮೆಯಾದ ಮೇಲೆ ಮುಂದಿನ ಹಾಡುಗಾರಿಕೆ. ತಪ್ಪಿದ ಸೊಲ್ಲು ಮೇಳದ ದನಿಯಲ್ಲಿ ಕರಗಿ ತಾನೇ ಸರಿಹೋಗುತ್ತದೆ. ಯಾರೂ ಅವನನ್ನು ಎದ್ದು ನಿಲ್ಲಿಸಿ ಉತ್ತರ ಕೇಳುವುದಿಲ್ಲ. ಪರೀಕ್ಷಿಸುವ ಗುರುವೂ ಕಾಯುವ ಗುರುವೂ ಒಂದೇ ಪರಂಪರೆಯಲ್ಲಿದ್ದಾರೆ. ನಮ್ಮ ಶಾಲೆಗಳು ಮೊದಲನೆಯವನನ್ನು ಮಾತ್ರ ಒಳಗೆ ಕರೆದುಕೊಂಡವೇನೋ ಎನ್ನಿಸುತ್ತದೆ.

ಮೈಸೂರು ಸಂಸ್ಥಾನದಲ್ಲಿ ಹೋಬಳಿಗೊಂದು ಶಾಲೆ ಎಂಬ ಯೋಜನೆ 1868ರದು. ಅದರ ಹಿಂದಿದ್ದವರು ಶಿಕ್ಷಣ ಇಲಾಖೆಯ ಅಧಿಕಾರಿ ಬಿ.ಎಲ್. ರೈಸ್. ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟವಾಗಿ 1898ರಲ್ಲಿ ಹೊರತಂದವರೂ ಅವರೇ. ಶಾಸನಗಳು ಓದಿಸುವವರಿಗೆ ಕೊಟ್ಟ ಭೂಮಿಯ ಲೆಕ್ಕ ಇಡುತ್ತವೆ, ಇಲಾಖೆ ಶಾಲೆಗಳ, ಹಾಜರಾತಿಯ ಲೆಕ್ಕ ಇಡುತ್ತದೆ. ಪಾಠ ಹೇಳುವವರ ನಡೆಯ ದಾಖಲೆ ಎರಡರಲ್ಲೂ ಹುಡುಕಿದಷ್ಟು ಸಿಗುವುದಿಲ್ಲ. ಆ ನಡೆಯೇ ಪಾಠವಿಧಾನದೊಳಗೆ ಸೇರಿದ್ದು ಬಹಳ ತಡವಾಗಿ, ಅದೂ ಇದೇ ಕಾಡಿನ ಇನ್ನೊಂದು ಅಂಚಿನಲ್ಲಿ.

1995ರಲ್ಲಿ ಹೆಗ್ಗಡದೇವನಕೋಟೆ (ಎಚ್.ಡಿ. ಕೋಟೆ) ತಾಲ್ಲೂಕಿನಲ್ಲಿ ನಲಿ-ಕಲಿ ಎಂಬ ಪಾಠವಿಧಾನ ಹುಟ್ಟಿತು. ಬಂಡೀಪುರದ ಕಾಡು ಗುಂಡ್ಲುಪೇಟೆ, ನಂಜನಗೂಡು, ಎಚ್.ಡಿ. ಕೋಟೆ ಈ ಮೂರು ತಾಲ್ಲೂಕುಗಳಲ್ಲೂ ಹಬ್ಬಿಕೊಂಡಿದೆ. ಹಾಗಾಗಿ ಕೋಟೆಯ ಶಾಲೆಗಳ ಕಷ್ಟವೂ ಬೆಟ್ಟದ ತಪ್ಪಲಿನ ಶಾಲೆಗಳ ಕಷ್ಟವೂ ಹೆಚ್ಚುಕಡಿಮೆ ಒಂದೇ. ಯುನಿಸೆಫ್ ನೆರವಿನಿಂದ ಸರ್ಕಾರಿ ಶಿಕ್ಷಕರ ಒಂದು ಸಣ್ಣ ತಂಡ ಆಂಧ್ರದ ಮದನಪಲ್ಲಿಯ ಬಳಿಯ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳ ಕ್ರಮವನ್ನು ನೋಡಿತು. ಊರಿಗೆ ಮರಳಿ ತಮ್ಮ ಮಕ್ಕಳಿಗೆ ಹೊಂದುವಂತೆ ಕಲಿಕೆಯ ಕಾರ್ಡುಗಳನ್ನು ತಾವೇ ಬರೆದುಕೊಂಡರು. ಮೇಲಿನಿಂದ ಬಂದ ಸುತ್ತೋಲೆಯನ್ನು ಜಾರಿ ಮಾಡಿದ್ದಲ್ಲ. ಪಾಠ ಹೇಳುವವರೇ ಪಾಠದ ಕ್ರಮ ಕಟ್ಟಿದ್ದು. ಕರ್ನಾಟಕದ ಶಿಕ್ಷಣದ ಚರಿತ್ರೆಯಲ್ಲಿ ಇದಕ್ಕೆ ಸಲ್ಲಬೇಕಾದಷ್ಟು ಗೌರವ ಇನ್ನೂ ಸಂದಿಲ್ಲ. 2009-10ರಲ್ಲಿ ನಲಿ-ಕಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆ ಬಂತು.

ನಲಿ-ಕಲಿ ಕೊಠಡಿಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ನೆಲದ ಮೇಲೆ ಕೂರುತ್ತಾರೆ. ತಲೆಯ ಮೇಲೆ ಮಕ್ಕಳ ಚಿತ್ರ, ಬರಹ ತೂಗುವ ಚಪ್ಪರ. ಕೈಗೆಟುಕುವ ಎತ್ತರದಲ್ಲಿ ಗೋಡೆ ಹಲಗೆ. ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತಾನಿರುವ ಮೆಟ್ಟಿಲನ್ನು ನೋಡಿ, ಅಲ್ಲಿನ ಲೋಗೋ ಇರುವ ಕಾರ್ಡು ತೆಗೆದುಕೊಂಡು ತನ್ನ ತಟ್ಟೆಗೆ ಹೋಗುತ್ತದೆ. ತಟ್ಟೆ ಎಂದರೆ ಗುಂಪು. ಶಿಕ್ಷಕರ ಸಂಪೂರ್ಣ ಸಹಾಯ, ಭಾಗಶಃ ಸಹಾಯ, ಗೆಳೆಯರ ಸಂಪೂರ್ಣ ಸಹಾಯ, ಭಾಗಶಃ ಸಹಾಯ, ಸ್ವಕಲಿಕೆ ಎಂದು ಐದು. ತೋಟಕ್ಕೆ ಹೋಗಿ ಎರಡು ತಿಂಗಳು ಬಿಟ್ಟು ಬಂದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಕಾಡಂಚಿನ ಶಾಲೆಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಈ ವ್ಯವಸ್ಥೆ ಶಿಕ್ಷಕರಿಂದ ಏನು ಬಯಸುತ್ತದೆ ಎಂಬುದೇ ನಮ್ಮ ಪ್ರಶ್ನೆಯ ತಿರುಳು. ಹಲಗೆಯ ಮುಂದೆ ನಿಂತು ಗಟ್ಟಿ ದನಿಯಲ್ಲಿ ವಿವರಿಸುವ ಶಿಕ್ಷಕರ ಜಾಣ್ಮೆಗೆ ಇಲ್ಲಿ ಹೆಚ್ಚು ಕೆಲಸವಿಲ್ಲ. ಮೊದಲ ತಟ್ಟೆಯ ಮಗುವಿಗೆ ಅಕ್ಷರ ತಿದ್ದಿಸುತ್ತಿರುವಾಗಲೇ ಐದನೆಯ ತಟ್ಟೆಯಲ್ಲಿ ಒಬ್ಬ ಕಾರ್ಡು ಹಿಡಿದು ಸುಮ್ಮನೆ ಕೂತಿದ್ದಾನೆ, ಮೂರನೆಯದರಲ್ಲಿ ನೆರವಾಗಬೇಕಾದ ಹುಡುಗಿ ತಾನೇ ಎಲ್ಲವನ್ನೂ ಬರೆದುಕೊಡುತ್ತಿದ್ದಾಳೆ ಎಂದು ತಿಳಿಯಬೇಕು. ಕಾರ್ಡು, ಏಣಿ, ಚಪ್ಪರ ಎಲ್ಲ ಶಾಲೆಯಲ್ಲೂ ಒಂದೇ. ಹಾಗಿದ್ದೂ ಒಂದು ಕೊಠಡಿಯಲ್ಲಿ ಕಲಿಕೆ ಸಾಗುತ್ತದೆ, ಇನ್ನೊಂದರಲ್ಲಿ ಶಿಕ್ಷಕರು ಕಾರ್ಡು ಹಂಚಿ ವಹಿ ತುಂಬುವವರಾಗಿಬಿಡುತ್ತಾರೆ. ನಲಿ-ಕಲಿಯ ಮೇಲೆ ಬಂದ ಟೀಕೆಗಳಲ್ಲಿ ಬಹುಪಾಲು ಈ ಎರಡನೆಯ ಕೊಠಡಿಯನ್ನು ಕುರಿತದ್ದು. ಅದನ್ನು ವಿಧಾನದ ಸೋಲು ಎನ್ನುವುದಕ್ಕಿಂತ, ವಿಧಾನವನ್ನು ಕೊಟ್ಟು ಅದಕ್ಕೆ ಬೇಕಾದ ಗಮನವನ್ನು ಬೆಳೆಸದೆ ಬಿಟ್ಟದ್ದರ ಫಲ ಎನ್ನುವುದು ಸರಿ.

ಹೊರಗಿನ ಸಂಶೋಧನೆ ಇದಕ್ಕೆ ಒತ್ತಾಸೆಯಾಗಿದೆ. ಅಮೆರಿಕದ ಮನೋವಿಜ್ಞಾನಿ ಜೇಕಬ್ ಕೌನಿನ್ ತರಗತಿಗಳ ವಿಡಿಯೊ ದಾಖಲೆಗಳನ್ನು ಪರಿಶೀಲಿಸಿ 1970ರಲ್ಲಿ ಪುಸ್ತಕ ಪ್ರಕಟಿಸಿದರು. ಗದ್ದಲ ಮಾಡಿದ ಮಗುವನ್ನು ಶಿಕ್ಷಕರು ಹೇಗೆ ಗದರಿಸುತ್ತಾರೆ ಎಂಬುದರಿಂದ ಒಳ್ಳೆಯ ತರಗತಿಯನ್ನು ಗುರುತಿಸಬಹುದೆಂದು ಅವರು ಹೊರಟಿದ್ದರು. ಗದರಿಕೆಯ ಬಗೆಗೂ ತರಗತಿಯ ಶಿಸ್ತಿಗೂ ಸಂಬಂಧವೇ ಕಾಣಲಿಲ್ಲ. ಕೊಠಡಿಯ ಮೂಲೆಮೂಲೆಯಲ್ಲಿ ಏನಾಗುತ್ತಿದೆ ಎಂಬ ಅರಿವು ಶಿಕ್ಷಕರಿಗಿದೆ ಎಂದು ಮಕ್ಕಳಿಗೆ ಗೊತ್ತಾಗುವುದು, ಒಂದೇ ಹೊತ್ತಿಗೆ ಎರಡು ಕೆಲಸ ನಿಭಾಯಿಸುವುದು, ಪಾಠದ ಓಟ ಕಡಿಯದಂತೆ ನೋಡಿಕೊಳ್ಳುವುದು, ಶಿಸ್ತುಳ್ಳ ತರಗತಿಗಳಲ್ಲಿ ಇವು ಕಂಡವು. ಐದು ತಟ್ಟೆಗಳ ಕೊಠಡಿಗೆ ಬೇಕಾದುದೂ ಇವೇ.

ಎರಡನೆಯದು ಕಾಯುವಿಕೆ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ಧ್ವನಿಮುದ್ರಣಗಳನ್ನು ಅಳೆದು ನೋಡಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು; ಅಷ್ಟರಲ್ಲಿ ಉತ್ತರ ಬಾರದಿದ್ದರೆ ಬೇರೆ ಮಗು, ಇಲ್ಲವೇ ತಮ್ಮದೇ ಉತ್ತರ. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ಉದ್ದವಾದವು, ಬಾಯಿಬಿಡದ ಮಕ್ಕಳು ಮಾತಾಡಿದರು, ಮೌನವಾಗಿ ಉಳಿಯುವವರು ಕಡಿಮೆಯಾದರು. ಹಾಡಿಯಿಂದ ಬಂದ ಮಗುವಿನ ವಿಷಯದಲ್ಲಿ ಈ ಎರಡು ಸೆಕೆಂಡಿಗೆ ಇನ್ನೂ ಹೆಚ್ಚಿನ ಬೆಲೆಯಿದೆ. ಆ ಮಗು ಪ್ರಶ್ನೆಯನ್ನು ತನ್ನ ಮಾತಿಗೆ ತಂದುಕೊಂಡು, ಉತ್ತರ ಹುಡುಕಿ, ಮತ್ತೆ ಪುಸ್ತಕದ ಕನ್ನಡಕ್ಕೆ ಹೊಂದಿಸಿ ಹೇಳಬೇಕು. ಅಷ್ಟರಲ್ಲಿ ಮುಂದಿನ ಸಾಲಿನವನು ಉತ್ತರ ಕೊಟ್ಟಾಗಿರುತ್ತದೆ. ಹೀಗೆ ವರ್ಷಗಟ್ಟಲೆ ನಡೆದ ಮೇಲೆ ‘ಈ ಮಕ್ಕಳು ಮಾತೇ ಆಡಲ್ಲ’ ಎಂಬ ತೀರ್ಪು ಶಿಕ್ಷಕರ ಕೊಠಡಿಯಲ್ಲಿ ಹುಟ್ಟುತ್ತದೆ. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹಕ್ಕಿಯ ಕೂಗು, ಜೇನಿನ ಜಾತಿ, ಆನೆಯ ಹೆಜ್ಜೆ ಗುರುತಿಸಿ ಮನೆಯವರ ಜೊತೆ ದಿನವಿಡೀ ಮಾತಾಡುವ ಮಗು ಅದು.

ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಬೇಕು. ಮನೋವಿಜ್ಞಾನಿಗಳಾದ ನಳಿನಿ ಅಂಬಾಡಿ, ರಾಬರ್ಟ್ ರೋಸೆಂಥಾಲ್ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಧ್ವನಿಯಿಲ್ಲದ ಅರ್ಧ ನಿಮಿಷದ ವಿಡಿಯೊ ನೋಡಿದ ಅಪರಿಚಿತರು ಬೋಧಕರಿಗೆ ಕೊಟ್ಟ ಅಂಕವೂ ಅವಧಿ ಮುಗಿದಾಗ ವಿದ್ಯಾರ್ಥಿಗಳು ಕೊಟ್ಟ ಅಂಕವೂ ಬಹುಮಟ್ಟಿಗೆ ಹೊಂದಿಕೊಂಡವು. ಹಾಗಾದರೆ ವ್ಯಕ್ತಿತ್ವದ ಕಳೆಯೇ ಎಲ್ಲವಲ್ಲವೇ ಎಂದು ಕೇಳಬಹುದು. ಅಲ್ಲಿ ಅಳೆದದ್ದು ಮೆಚ್ಚುಗೆಯನ್ನು, ಕಲಿತದ್ದನ್ನಲ್ಲ. ಉತ್ಸಾಹದ ಶಿಕ್ಷಕರು ಬೇಕು, ಸಂದೇಹವಿಲ್ಲ. ಆದರೆ ಒಂದನೇ ತರಗತಿಯಲ್ಲಿ ಶಿಕ್ಷಕರ ಉತ್ಸಾಹವೇ ಎಲ್ಲ ಜಾಗವನ್ನೂ ತುಂಬಿಕೊಂಡರೆ ಮಗುವಿನ ಮೆಲುದನಿಗೆ ಎಡೆಯಿರುವುದಿಲ್ಲ.

ಮೂರನೆಯ ಗುಣವೊಂದನ್ನು ಸೇರಿಸಬಹುದು: ಮಗುವಿನ ಬದುಕಿನಿಂದ ಕಲಿಯುವ ಮನಸ್ಸು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರಿಗೆ ವೈದ್ಯ ಸೇವೆ ನೀಡುತ್ತಲೇ ಶಾಲೆಯನ್ನೂ ನಡೆಸಿತು. ಎಚ್.ಡಿ. ಕೋಟೆಯ ಹೊಸಹಳ್ಳಿಯಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಗಿರಿಜನ ಮಕ್ಕಳಿಗಾಗಿ ಶಾಲೆ ತೆರೆಯಿತು. ಎರಡೂ ಕಡೆ ಹಾಡಿಯ ಬದುಕಿನ ನಡುವೆ ನಿಂತು ಕಲಿಸಿದರು. ಊರಿನಲ್ಲಿ ನೆಲೆನಿಲ್ಲದೆ ಇದು ಆಗುವ ಕೆಲಸವಲ್ಲ. ಯಾವ ಮನೆ ಯಾವ ತಿಂಗಳಲ್ಲಿ ತೋಟಕ್ಕೆ ಹೋಗುತ್ತದೆ, ಯಾವ ಮಗುವಿನ ದಾರಿಯಲ್ಲಿ ಆನೆ ಓಡಾಡುತ್ತದೆ ಎಂಬುದನ್ನು ತಿಳಿಯಲು ವರ್ಷಗಳೇ ಬೇಕು.

ಈಗಿನ ಆಯ್ಕೆ ಪದ್ಧತಿ ಇದ್ಯಾವುದನ್ನೂ ಮುಟ್ಟುವುದಿಲ್ಲ. ಶಿಕ್ಷಕರ ಅರ್ಹತಾ ಪರೀಕ್ಷೆಯ ಮೊದಲ ಪತ್ರಿಕೆಯಲ್ಲಿ 150 ಪ್ರಶ್ನೆಗಳಿವೆ: ಶಿಶು ವಿಕಸನ, ಎರಡು ಭಾಷೆ, ಗಣಿತ, ಪರಿಸರ ಅಧ್ಯಯನ, ತಲಾ 30. ತಿಳಿವಳಿಕೆ ಅಳೆಯಲು ಅದು ಬೇಕೇ ಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ, 29ನೇ ಕಲಂ ಮಗುವನ್ನು ಭಯದಿಂದ ಬಿಡಿಸಬೇಕೆನ್ನುತ್ತದೆ. ಹೊಡೆಯದಿರುವುದನ್ನು ಕಾನೂನು ಖಾತ್ರಿಪಡಿಸಬಹುದು. ಉತ್ತರಕ್ಕೆ ಕಾಯುವುದನ್ನು ತರಬೇತಿಯೂ ತಪಾಸಣೆಯೂ ಸೇರಿ ರೂಢಿಸಬೇಕು.

ಹಾಗಾಗಿ ಗುಂಡ್ಲುಪೇಟೆ ತಾಲ್ಲೂಕಿನ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಾದ ಸಿಆರ್‌ಪಿಗಳಲ್ಲಿ, ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್‌ನವರಲ್ಲಿ ನನ್ನ ಕೋರಿಕೆ ಇಷ್ಟು: ಮುಂದಿನ ಸಲ ಬೆಟ್ಟದ ಸುತ್ತಲಿನ ಶಾಲೆಗೆ ಹೋದಾಗ ವಹಿ ನೋಡುವ ಮುಂಚೆ ಅರ್ಧ ಗಂಟೆ ಮಕ್ಕಳ ಜೊತೆ ನೆಲದ ಮೇಲೆ ಕೂತುಕೊಳ್ಳಿ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಶಿಕ್ಷಕರು ಎಷ್ಟು ಸೆಕೆಂಡು ಬಿಡುತ್ತಾರೆ ಎಂದು ಎಣಿಸಿ, ಆ ಅರ್ಧ ಗಂಟೆಯಲ್ಲಿ ಯಾರೂ ಹೆಸರು ಹಿಡಿದು ಕರೆಯದ ಮಕ್ಕಳು ಯಾರು ಎಂದು ಬರೆದುಕೊಳ್ಳಿ, ಎರಡನ್ನೂ ಶಿಕ್ಷಕರೊಂದಿಗೆ ಕೂತು ಮಾತಾಡಿ. ತಪಾಸಣಾ ವರದಿಯಲ್ಲಿ ಇದಕ್ಕೆ ಎರಡು ಸಾಲು ಜಾಗ ಮಾಡಿಕೊಡಿ.