ಬೆಂಗಳೂರು ಗ್ರಾಮಾಂತರ ಪ್ರದೇಶದ ಗಾಲ್ಫ್ ಮೈದಾನಗಳು

ಬೆಂಗಳೂರು ಗ್ರಾಮಾಂತರ ಜಿಲ್ಲೆ ಹಾಗೂ ಅದಕ್ಕೆ ಹೊಂದಿಕೊಂಡಿರುವ ಪ್ರದೇಶದಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ಈಚೆಗೆ ಹಲವು ಗಾಲ್ಫ್ ಮೈದಾನಗಳು ನಿರ್ಮಾಣಗೊಂಡಿವೆ. ದೇವನಹಳ್ಳಿ ತಾಲ್ಲೂಕಿನ ಪ್ರೆಸ್ಟೀಜ್ ಗಾಲ್ಫ್‌ಶೈರ್, ಬಿಡದಿಯ ಈಗಲ್‌ಟನ್, ಬೆಂಗಳೂರು ನಗರದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮತ್ತು ಬೆಂಗಳೂರು ಗಾಲ್ಫ್ ಕ್ಲಬ್ ಇವುಗಳಲ್ಲಿ ಪ್ರಮುಖವಾದವು. ಭೂಗುಣದ ದೃಷ್ಟಿಯಿಂದ ಇವೆಲ್ಲವೂ 'ಪಾರ್ಕ್‌ಲ್ಯಾಂಡ್', ಅಂದರೆ ಉದ್ಯಾನ ಮಾದರಿಯ ಮೈದಾನಗಳು. ಇಂಗ್ಲೆಂಡಿನ ಸರ್ರೆ ಮುಂತಾದ ಕೌಂಟಿಗಳಲ್ಲಿ ಪ್ರಸಿದ್ಧವಾಗಿರುವ 'ಹೀತ್‌ಲ್ಯಾಂಡ್' ಮಾದರಿಯ ಮೈದಾನ ಈ ಪ್ರದೇಶದಲ್ಲಿಲ್ಲ. ಕೆರೆ, ಗೋಮಾಳ ಮತ್ತು ಅಂತರ್ಜಲದ ಬಳಕೆಯ ಪ್ರಶ್ನೆಗಳು ಈ ಮೈದಾನಗಳ ಇತಿಹಾಸದೊಂದಿಗೆ ಹೆಣೆದುಕೊಂಡಿವೆ.

ಮೈದಾನದ ರಚನೆ

ಪೂರ್ಣಪ್ರಮಾಣದ ಗಾಲ್ಫ್ ಮೈದಾನದಲ್ಲಿ 18 ಕುಳಿಗಳಿರುತ್ತವೆ. ಪ್ರತಿಯೊಂದು ಕುಳಿಯ ಆಟವೂ 'ಟೀ' ಎಂಬ ಸಮತಟ್ಟಾದ ಜಾಗದಿಂದ ಆರಂಭವಾಗಿ, ಹುಲ್ಲನ್ನು ಒಪ್ಪವಾಗಿ ಕತ್ತರಿಸಿದ 'ಫೇರ್‌ವೇ'ಯನ್ನು ಹಾದು, ಕುಳಿ ಇರುವ ನುಣುಪಾದ 'ಗ್ರೀನ್'ನಲ್ಲಿ ಮುಗಿಯುತ್ತದೆ. ಫೇರ್‌ವೇಯ ಇಕ್ಕೆಲಗಳಲ್ಲಿ ಎತ್ತರವಾಗಿ ಬೆಳೆಯಲು ಬಿಟ್ಟ ಹುಲ್ಲಿಗೆ 'ರಫ್' ಎಂದೂ, ಆಟಗಾರನಿಗೆ ತೊಡಕಾಗುವಂತೆ ತೋಡಿದ ಮರಳಿನ ಗುಂಡಿಗಳಿಗೆ 'ಬಂಕರ್' ಎಂದೂ ಹೆಸರು. ನುರಿತ ಆಟಗಾರನೊಬ್ಬ ಒಂದು ಕುಳಿಗೆ ತೆಗೆದುಕೊಳ್ಳಬಹುದಾದ ಹೊಡೆತಗಳ ನಿಗದಿತ ಸಂಖ್ಯೆಯನ್ನು 'ಪಾರ್' ಎನ್ನುತ್ತಾರೆ.

ಮೈದಾನಗಳ ಬಗೆಗಳು

ಗಾಲ್ಫ್ ಮೈದಾನಗಳನ್ನು ಅವು ನಿಂತ ನೆಲದ ಗುಣಕ್ಕೆ ಅನುಸಾರವಾಗಿ ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಲಿಂಕ್ಸ್: ಕಡಲತೀರದ ಮರಳುದಿಬ್ಬಗಳ ಮೇಲೆ ಇರುವ ಮೈದಾನ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಇದಕ್ಕೆ ಪ್ರಸಿದ್ಧ ಉದಾಹರಣೆ.

ಹೀತ್‌ಲ್ಯಾಂಡ್: ಒಳನಾಡಿನ ಮರಳುಮಿಶ್ರಿತ, ಸತ್ವಹೀನ ನೆಲದಲ್ಲಿ ಹೀದರ್, ಗಾರ್ಸ್ ಮೊದಲಾದ ಕುರುಚಲು ಗಿಡಗಳ ನಡುವೆ ರೂಪುಗೊಂಡ ಮೈದಾನ. ಬಿದ್ದ ಮಳೆನೀರು ಬೇಗನೆ ಇಂಗಿಹೋಗುವುದರಿಂದ ಚಳಿಗಾಲದಲ್ಲಿಯೂ ನೆಲ ಗಟ್ಟಿಯಾಗಿರುತ್ತದೆ. ಸರ್ರೆ ಕೌಂಟಿಯ ವೋಕಿಂಗ್ (1893), ಹರ್ಬರ್ಟ್ ಫೌಲರ್ ವಿನ್ಯಾಸಗೊಳಿಸಿದ ವಾಲ್ಟನ್ ಹೀತ್ (1904) ಹಾಗೂ ಹ್ಯಾರಿ ಕೋಲ್ಟ್ ವಿನ್ಯಾಸಗೊಳಿಸಿದ ಸೇಂಟ್ ಜಾರ್ಜಸ್ ಹಿಲ್ (1913) ಈ ಬಗೆಯ ಶ್ರೇಷ್ಠ ಮೈದಾನಗಳೆಂದು ಪರಿಗಣಿತವಾಗಿವೆ.

ಪಾರ್ಕ್‌ಲ್ಯಾಂಡ್: ಫಲವತ್ತಾದ ಮಣ್ಣಿನ ಮೇಲೆ ಹುಲ್ಲು ಬೆಳೆಸಿ, ಸಾಲುಮರಗಳನ್ನು ನೆಟ್ಟು, ಕೊಳಗಳನ್ನು ನಿರ್ಮಿಸಿ ಉದ್ಯಾನದಂತೆ ರೂಪಿಸಿದ ಮೈದಾನ. ಇದನ್ನು ಕಾಪಾಡಲು ನಿರಂತರವಾದ ನೀರು ಮತ್ತು ಆರೈಕೆ ಅಗತ್ಯ.

ಸ್ಥಳೀಯ ಭೂಗುಣ

ಬೆಂಗಳೂರು ಗ್ರಾಮಾಂತರ ಜಿಲ್ಲೆಯು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿಯಲ್ಲಿದೆ. ನೈಸ್ ಶಿಲೆಯ ಮೇಲೆ ಕೆಂಪು ಮಣ್ಣಿನ ಹೊದಿಕೆ ಇಲ್ಲಿನ ಸಾಮಾನ್ಯ ಲಕ್ಷಣ. ಅರ್ಕಾವತಿ ಮತ್ತು ದಕ್ಷಿಣ ಪಿನಾಕಿನಿ ನದಿಗಳು ನಂದಿಬೆಟ್ಟದ ಪ್ರದೇಶದಲ್ಲಿ ಹುಟ್ಟಿ ಈ ಸೀಮೆಯಲ್ಲಿ ಹಾದುಹೋಗುತ್ತವೆಯಾದರೂ ಅವು ಜೀವನದಿಗಳಲ್ಲ. ಆದುದರಿಂದಲೇ ಹಿಂದಿನವರು ಒಂದು ಕೆರೆಯ ಕೋಡಿ ನೀರು ಮುಂದಿನ ಕೆರೆಗೆ ಹರಿಯುವಂತೆ ಸರಣಿ ಕೆರೆಗಳನ್ನು ಕಟ್ಟಿದರು.

ಹೀತ್‌ಲ್ಯಾಂಡಿಗೆ ಹೋಲಿಸಬಹುದಾದ ಬಯಲು ಈ ಭಾಗದಲ್ಲಿ ಇದ್ದರೆ ಅದು ಜಿಲ್ಲೆಯ ಗಡಿಗೆ ಸಮೀಪದ ಹೆಸರಘಟ್ಟದ ಹುಲ್ಲುಗಾವಲು. ಅಲ್ಲಿ ಗಾಲ್ಫ್ ಮೈದಾನವಿಲ್ಲ. ಹುಲ್ಲುಗಾವಲನ್ನು ನೆಚ್ಚಿಕೊಂಡ ಪಕ್ಷಿಗಳಿಗೆ ಅದು ಆಶ್ರಯವಾಗಿದೆ. ಇಂಗ್ಲೆಂಡಿನ ಹೀತ್‌ಗಳೂ ಮೂಲತಃ ಊರವರು ದನಕುರಿ ಮೇಯಿಸಿ, ಸೌದೆ ತರುತ್ತಿದ್ದ ಸಮುದಾಯದ ನೆಲಗಳೇ. ಈ ಅರ್ಥದಲ್ಲಿ ಅವು ನಮ್ಮ ಗೋಮಾಳ ಮತ್ತು ಕಾವಲುಗಳಿಗೆ ಸಮಾನವಾದವು.

ಉಷ್ಣವಲಯದ ಗಾಲ್ಫ್ ಮೈದಾನಗಳಲ್ಲಿ ವ್ಯಾಪಕವಾಗಿ ಬೆಳೆಸುವ 'ಬರ್ಮುಡಾ' ಹುಲ್ಲು ಬೇರಾವುದೂ ಅಲ್ಲ, ಗಣೇಶನ ಪೂಜೆಗೆ ಬಳಸುವ ಗರಿಕೆಯೇ. ಗ್ರೀನ್‌ಗಳಿಗೆ ಸಾಮಾನ್ಯವಾಗಿ ಗರಿಕೆಯ ಮಿಶ್ರತಳಿಗಳನ್ನು ಬಳಸುತ್ತಾರೆ. ನೀರಿನ ಸೌಕರ್ಯವಿಲ್ಲದ ಕಾಲದಲ್ಲಿ ಭಾರತದ ಅನೇಕ ಹಳೆಯ ಮೈದಾನಗಳಲ್ಲಿ ಗ್ರೀನ್‌ಗಳ ಬದಲಿಗೆ ಎಣ್ಣೆ ಬೆರೆಸಿದ ಮರಳಿನ 'ಬ್ರೌನ್'ಗಳಿದ್ದವು.

ಇತಿಹಾಸ

ಭಾರತದಲ್ಲಿ ಗಾಲ್ಫ್ ಆಟವು ಬ್ರಿಟಿಷರೊಂದಿಗೆ ಬಂದಿತು. 1829ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪನೆಗೊಂಡ ಕ್ಲಬ್ಬು ಬ್ರಿಟಿಷ್ ದ್ವೀಪಗಳ ಹೊರಗಿನ ಅತ್ಯಂತ ಹಳೆಯ ಗಾಲ್ಫ್ ಕ್ಲಬ್ಬೆಂದು ಹೆಸರಾಗಿದೆ. ದಂಡು ಪ್ರದೇಶವಿದ್ದ ಬೆಂಗಳೂರಿನಲ್ಲಿ 1876ರಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್ ಆರಂಭವಾಯಿತು. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿಯೂ ಆಂಗ್ಲ ಅಧಿಕಾರಿಗಳು ತಮ್ಮದೊಂದು ಮೈದಾನ ಮಾಡಿಕೊಂಡಿದ್ದರು.

1986ರಲ್ಲಿ ಬೆಂಗಳೂರು ಜಿಲ್ಲೆಯನ್ನು ವಿಭಜಿಸಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ರಚಿಸಲಾಯಿತು. 2007ರಲ್ಲಿ ರಾಮನಗರ ಜಿಲ್ಲೆ (2025ರಿಂದ ಬೆಂಗಳೂರು ದಕ್ಷಿಣ ಜಿಲ್ಲೆ) ಇದರಿಂದ ಬೇರ್ಪಟ್ಟಿತು. 2008ರ ಮೇ ತಿಂಗಳಿನಲ್ಲಿ ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದ ಬಳಿಕ, ರಾಗಿ, ದ್ರಾಕ್ಷಿ ಮತ್ತು ಚಕ್ಕೋತಕ್ಕೆ ಹೆಸರಾಗಿದ್ದ ಈ ಸೀಮೆಯಲ್ಲಿ ಬಡಾವಣೆಗಳೂ ವಿಹಾರಧಾಮಗಳೂ ಹೆಚ್ಚಿದವು.

ಪ್ರಮುಖ ಮೈದಾನಗಳು

ಪ್ರೆಸ್ಟೀಜ್ ಗಾಲ್ಫ್‌ಶೈರ್

ದೇವನಹಳ್ಳಿ ತಾಲ್ಲೂಕು ಕುಂದಾಣ ಹೋಬಳಿಯ ಕಾರಹಳ್ಳಿಯ ಬಳಿ, ನಂದಿಬೆಟ್ಟದ ತಪ್ಪಲಿನಲ್ಲಿದೆ. ಮೈದಾನ, ವಿಲ್ಲಾಗಳು ಮತ್ತು ಹೋಟೆಲು ಸೇರಿದಂತೆ ಸುಮಾರು 275 ಎಕರೆ ವಿಸ್ತೀರ್ಣದ ಈ ಸಂಕೀರ್ಣದಲ್ಲಿ 18 ಕುಳಿಗಳ ಮೈದಾನವಿದೆ. ಇಲ್ಲಿನ ಪಂಚತಾರಾ ಹೋಟೆಲು 2022ರಲ್ಲಿ ಆರಂಭವಾಯಿತು. ಜಿಲ್ಲೆಯ ಇಂದಿನ ಗಡಿಯೊಳಗಿನ ಪ್ರಮುಖ ಮೈದಾನ ಇದಾಗಿದೆ.

ಈಗಲ್‌ಟನ್

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬಿಡದಿಯ ಸಮೀಪ ಶ್ಯಾನಮಂಗಲದಲ್ಲಿದೆ. ಮೈದಾನ ರೂಪುಗೊಂಡಾಗ ಈ ಭಾಗವು ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿತ್ತು. ಬ್ರಿಟಿಷ್ ಓಪನ್ ಪಂದ್ಯಾವಳಿಯನ್ನು ಐದು ಬಾರಿ ಗೆದ್ದ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್ ಇದರ ವಿನ್ಯಾಸಕಾರರಲ್ಲಿ ಒಬ್ಬರು. 1964ರಲ್ಲಿ ನಡೆದ ಪ್ರಥಮ ಇಂಡಿಯನ್ ಓಪನ್ ಪ್ರಶಸ್ತಿಯನ್ನು ಗೆದ್ದವರೂ ಅವರೇ.

ಕರ್ನಾಟಕ ಗಾಲ್ಫ್ ಅಸೋಸಿಯೇಷನ್

ಬೆಂಗಳೂರಿನ ದೊಮ್ಮಲೂರಿನ ಬಳಿ ಇದೆ. ಈ ಮೈದಾನವೂ ಪೀಟರ್ ಥಾಮ್ಸನ್ ಅವರ ವಿನ್ಯಾಸ. 2012ರ ಇಂಡಿಯನ್ ಓಪನ್ ಇಲ್ಲಿ ನಡೆದು, ಥಾಯ್ಲೆಂಡಿನ ಥಾವೋರ್ನ್ ವಿರಾತ್ಚಾಂತ್ ಪ್ರಶಸ್ತಿ ಗಳಿಸಿದರು. ಈ ಮೈದಾನವು ಹಿಂದಿನ ಚಲ್ಲಘಟ್ಟ ಕೆರೆಯ ಅಂಗಳದಲ್ಲಿ ನಿರ್ಮಾಣವಾಗಿದೆ. (ಮೈಸೂರು ರಸ್ತೆಯಲ್ಲಿ ಮೆಟ್ರೊ ನಿಲ್ದಾಣವಿರುವ ಚಲ್ಲಘಟ್ಟವು ಬೇರೆಯದೇ ಊರು.)

ಬೆಂಗಳೂರು ಗಾಲ್ಫ್ ಕ್ಲಬ್

ನಗರದ ಹೈಗ್ರೌಂಡ್ಸ್ ಪ್ರದೇಶದಲ್ಲಿ, ಸ್ಯಾಂಕಿ ರಸ್ತೆಯ ಬದಿಯಲ್ಲಿದೆ. ರಾಜ್ಯದ ಹಳೆಯ ಗಾಲ್ಫ್ ಸಂಸ್ಥೆಗಳಲ್ಲಿ ಒಂದು. ನಗರವು ಸುತ್ತಲೂ ಬೆಳೆದಿರುವುದರಿಂದ ಮೈದಾನ ಕಿರಿದಾಗಿದ್ದು, ದೂರದ ಹೊಡೆತಕ್ಕಿಂತ ನಿಖರತೆಗೆ ಇಲ್ಲಿ ಹೆಚ್ಚು ಬೆಲೆ.

ನೆಲ ಮತ್ತು ನೀರಿನ ಪ್ರಶ್ನೆ

1800ರಿಂದ ಈಚೆಗೆ ಇಂಗ್ಲೆಂಡಿನ ತಗ್ಗುನಾಡಿನ ಹೀತ್‌ಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಭಾಗ ಬೇಸಾಯ, ನೆಡುತೋಪು ಹಾಗೂ ಕಟ್ಟಡಗಳ ಪಾಲಾಗಿ ನಾಶವಾಗಿದೆಯೆಂದು ಅಂದಾಜು. ಉಳಿದಿರುವ ಹೀತ್‌ನ ಕೆಲವು ತುಣುಕುಗಳು ಗಾಲ್ಫ್ ಮೈದಾನಗಳ ಒಳಗೆ ಇರುವುದರಿಂದಲೇ ಉಳಿದುಕೊಂಡಿವೆ. ಬೆಂಗಳೂರಿನ ಅನುಭವ ಇದಕ್ಕೆ ವ್ಯತಿರಿಕ್ತವಾದುದು. ಚಲ್ಲಘಟ್ಟದಲ್ಲಿ ಮೈದಾನವು ಹಳೆಯ ನೆಲವನ್ನು ಉಳಿಸಿಕೊಳ್ಳಲಿಲ್ಲ, ಕೆರೆಯ ಜಾಗವನ್ನೇ ಪಡೆದುಕೊಂಡಿತು. ಸರಣಿಯ ಒಂದು ಕೆರೆ ಇಲ್ಲವಾದರೆ ಮಳೆನೀರು ತಂಗುವ ಮತ್ತು ಇಂಗುವ ಒಂದು ನೆಲೆ ತಪ್ಪಿ, ಮುಂದಿನ ಕೆರೆಗಳ ಮೇಲಿನ ಒತ್ತಡ ಹೆಚ್ಚುತ್ತದೆ. ಅದೇ ವೇಳೆ, ಕಟ್ಟಡಗಳಿಂದ ಕಿಕ್ಕಿರಿದ ನಗರದಲ್ಲಿ ಮರಗಳೂ ಬಯಲೂ ಉಳಿದಿರುವ ಕೆಲವೇ ಜಾಗಗಳಲ್ಲಿ ಈ ಮೈದಾನಗಳೂ ಸೇರಿವೆ ಎಂಬುದನ್ನು ಗಮನಿಸಬೇಕು. ಆದರೆ ಕೆರೆಯಂಗಳ ಮತ್ತು ಗೋಮಾಳಗಳಂತೆ ಅವು ಎಲ್ಲರಿಗೂ ತೆರೆದವಲ್ಲ.

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ ಮತ್ತು ನೆಲಮಂಗಲ, ಈ ನಾಲ್ಕೂ ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ವರ್ಗದಲ್ಲಿ ಗುರುತಿಸಲ್ಪಟ್ಟಿವೆ. ಆದುದರಿಂದ ಉದ್ಯಾನ ಮಾದರಿಯ ಮೈದಾನಕ್ಕೆ ಕೊಳವೆಬಾವಿಯ ನೀರನ್ನೇ ನೆಚ್ಚುವುದು ಇಲ್ಲಿ ಸಾಧುವಲ್ಲವೆಂಬ ಅಭಿಪ್ರಾಯವಿದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿನ ಅಭಾವ ತಲೆದೋರಿದಾಗ ಜಲಮಂಡಳಿಯು ಕೈತೋಟ, ವಾಹನ ತೊಳೆಯುವಿಕೆ ಮೊದಲಾದವಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ನಿಗದಿಪಡಿಸಿತು. ಸಂಸ್ಕರಿಸಿದ ಕೊಳಚೆನೀರಿನ ಮರುಬಳಕೆ, ಮಳೆನೀರು ಸಂಗ್ರಹ, ನೀರುಣಿಸುವ ಹುಲ್ಲಿನ ವಿಸ್ತೀರ್ಣವನ್ನು ಕುಗ್ಗಿಸುವುದು, ಇವು ಮೈದಾನಗಳಿಗೆ ಇರುವ ಪರ್ಯಾಯಗಳು.

ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರನ್ನು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯಿಂದ ಬೆಂಗಳೂರು ಗ್ರಾಮಾಂತರ ಹಾಗೂ ಚಿಕ್ಕಬಳ್ಳಾಪುರ ಜಿಲ್ಲೆಗಳ ಕೆರೆಗಳಿಗೆ ಇಂಥದೇ ನೀರು ದೊರೆಯುತ್ತಿದೆ. ಎರಡು ಹಂತಗಳಲ್ಲಿ ಮಾತ್ರ ಶುದ್ಧೀಕರಿಸಿದ ಈ ನೀರಿಗೆ ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂಬುದು ಈ ಭಾಗದ ಹೋರಾಟಗಾರರ ಬೇಡಿಕೆ.

ಆಟಗಾರರು

ಬೆಂಗಳೂರಿನ ಅದಿತಿ ಅಶೋಕ್ (ಜನನ 1998) ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ಬಾಲ್ಯದಲ್ಲಿಯೇ ಆಟ ಕಲಿತವರು. 2016ರಲ್ಲಿ ಮಹಿಳೆಯರ ಇಂಡಿಯನ್ ಓಪನ್ ಗೆದ್ದ ಅವರು, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದು ಸ್ವಲ್ಪದರಲ್ಲಿ ಪದಕದಿಂದ ವಂಚಿತರಾದರು.

ಆಟಗಾರರ ಚೀಲ ಹೊರುವ ಕ್ಯಾಡಿಗಳಾಗಿ ಮೈದಾನ ಪ್ರವೇಶಿಸಿದ ಸುತ್ತಲಿನ ಹಳ್ಳಿಗಳ ಯುವಕರೂ ಆಟಗಾರರಾಗಿ ಬೆಳೆದಿದ್ದಾರೆ. ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರ ಇಂಡಿಯನ್ ಓಪನ್ ಪ್ರಶಸ್ತಿಯನ್ನು ಗೆದ್ದರು. ಈಗಲ್‌ಟನ್ ಸಮೀಪದ ಹಳ್ಳಿಯಿಂದ ಬಂದ ಎಸ್. ಚಿಕ್ಕರಂಗಪ್ಪ ತರಬೇತುದಾರ ವಿಜಯ್ ದಿವೇಚಾ ಅವರ ಬಳಿ ಪಳಗಿ ವೃತ್ತಿಪರ ಆಟಗಾರರಾದರು.

ಇವನ್ನೂ ನೋಡಿ

ಗಾಲ್ಫ್
ಬೆಂಗಳೂರು ಗ್ರಾಮಾಂತರ ಜಿಲ್ಲೆ
ಬೆಂಗಳೂರಿನ ಕೆರೆಗಳು
ಹೆಸರಘಟ್ಟ
ನಂದಿಬೆಟ್ಟ