ದಾರಿ ಬಂದಾದಾಗ

ನನ್ನ ಹುಟ್ಟೂರು ನೇಮಕಲ್ಲು, ಅನಂತಪುರ ಜಿಲ್ಲೆಯ ರಾಯದುರ್ಗ ಸೀಮೆ. ಶ್ರಾವಣ ಬಂತೆಂದರೆ ಬಳ್ಳಾರಿ ಕಡೆಯ ಜನ ನಮ್ಮ ಆಂಜನೇಯನ ಗುಡಿಗೆ ಬರುತ್ತಾರೆ. ಮದರಾಸಿನ ಆಡಳಿತದಲ್ಲಿ ರಾಯದುರ್ಗ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು, ರಾಯದುರ್ಗ ಆಂಧ್ರಕ್ಕೆ ಹೋಯಿತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದು ಈ ವಾರ್ಷಿಕದ ಓದುಗರಿಗೆ ಹೇಳಬೇಕಾದ ಮಾತಲ್ಲ. ಗೆರೆ ಬಿದ್ದರೂ ಸಂತೆ, ಆಸ್ಪತ್ರೆ, ಬೀಗತನ ಹಳೆಯ ದಾರಿಯಲ್ಲೇ ಉಳಿದವು. ನಾನೇ ಮಗಳನ್ನು ಮಂಜೇಶ್ವರಕ್ಕೆ ಕೊಟ್ಟಿದ್ದೇನೆ.

ನಮ್ಮ ದೊಡ್ಡಪ್ಪ ಈರುಳ್ಳಿ ಲಾರಿ ತಗೊಂಡು ಮಂಗಳೂರಿಗೆ ಹೋಗುತ್ತಿದ್ದರು. ಘಾಟಿ ಇಳಿಯುವ ಮುಂಚೆ ಸಕಲೇಶಪುರದಲ್ಲಿ ಚಹಾಕ್ಕೆ ನಿಲ್ಲಿಸಿ, ಕೆಳಗಿನಿಂದ ಬಂದ ಲಾರಿಯವರನ್ನು ವಿಚಾರಿಸುವುದು ಅವರ ಪದ್ಧತಿ. "ಎದುರಿಂದ ಗಾಡಿ ಬರೋದು ನಿಂತ್ರೆ ದಾರಿ ನಿಂತಂಗೆ ತಮ್ಮಾ" ಎನ್ನುತ್ತಿದ್ದರು.

ಶಿರಾಡಿ ಎರಡು ಬಗೆಯಲ್ಲಿ ಮುಚ್ಚಿದ್ದನ್ನು 2018ರಲ್ಲಿ ಕಂಡೆವು. ಜನವರಿಯಿಂದ ಜುಲೈ ತನಕ ಕಾಂಕ್ರೀಟು ಕೆಲಸಕ್ಕೆಂದು ಮುಚ್ಚಿದ್ದರು, ಅದು ಮೊದಲೇ ತಿಳಿಸಿ ಮಾಡಿದ್ದು. ಆಗಸ್ಟಿನಲ್ಲಿ ಮುಚ್ಚಿದ್ದು ಮಳೆ. ಆಗ ಕೊಡಗಿನ ಮದೆನಾಡು, ಜೋಡುಪಾಲಗಳಲ್ಲಿ ಗುಡ್ಡ ಜರಿದು ಸಂಪಾಜೆಯ ದಾರಿಯೂ ಹೋಯಿತು. ದಾರಿ ಅಗಲ ಮಾಡಲು ಗುಡ್ಡದ ಬುಡ ಕಡಿದ ಕಡೆ, ನೀರು ಕುಡಿದ ಮಣ್ಣಿಗೆ ಆಸರೆ ಇರುವುದಿಲ್ಲ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಕೇರಳದ ಲಾರಿ ಚಾಲಕರೊಬ್ಬರು ಕಾಣೆಯಾದರು. ಗಂಗಾವಳಿ ಹೊಳೆಯಿಂದ ಅವರ ಲಾರಿ ಸಿಕ್ಕಿದ್ದು ಸೆಪ್ಟೆಂಬರಿನ ಕೊನೆಗೆ.

ನಮ್ಮ ಬಯಲು ಸೀಮೆಯಲ್ಲಿ ಗುಡ್ಡದ ಭಯವಿಲ್ಲ, ಹಗರಿಯ ಭಯ. ವೇದಾವತಿ ಎಂದರೂ ಅದೇ. ವರ್ಷಗಟ್ಟಲೆ ಬರೀ ಮರಳು. 2022ರ ಸೆಪ್ಟೆಂಬರಿನಲ್ಲಿ, 1933ರ ನಂತರ ಮೊದಲ ಸಲ, ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರ ಕೋಡಿ ಬಿತ್ತು. ನೀರು ಕೋಡಿ ಬೀಳುವುದು ಕರ್ನಾಟಕದಲ್ಲಿ, ಕೆಳಗಿನ ಭೈರವಾನಿತಿಪ್ಪ ಅಣೆಕಟ್ಟು ಇರುವುದು ಆಂಧ್ರದಲ್ಲಿ, ಮುಂದೆ ಹೊಳೆ ಮತ್ತೆ ಬಳ್ಳಾರಿ ಸೀಮೆಗೆ. ಸೇತುವೆ ತಗ್ಗಿರುವ ಕಡೆ ದಾಟುವವನು ತನ್ನೂರಿನ ಮೋಡ ನೋಡಿದರೆ ಸಾಲದು, ಮೇಲಿನ ಅಣೆಕಟ್ಟಿನ ಸುದ್ದಿ ತಿಳಿದಿರಬೇಕು.

ಆದರೆ ಸುದ್ದಿ ಯಾರಿಗೆ, ಯಾವ ಭಾಷೆಯಲ್ಲಿ ತಲುಪುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಮಿನ ಪ್ರಕಾರ ವಾಹನ ನಿರ್ಬಂಧ ಒಂದು ತಿಂಗಳು ಮೀರದಿದ್ದರೆ ಗೆಜೆಟ್ಟಿನಲ್ಲಿ ಪ್ರಕಟಿಸಬೇಕಾಗಿಲ್ಲ, ಸಾಧ್ಯವಾದಷ್ಟು ಸ್ಥಳೀಯ ಪ್ರಚಾರ ಸಾಕು. ಈ 'ಸ್ಥಳೀಯ' ಎಂಬ ಮಾತಿನಲ್ಲೇ ನಮ್ಮ ತೊಡಕು. ದಾರಿ ಎರಡು ರಾಜ್ಯದ್ದು, ಆದೇಶ ಒಂದು ಜಿಲ್ಲೆಯದು. ರಾಯದುರ್ಗದ ಆದೇಶ ತೆಲುಗಿನಲ್ಲಿ, ಕಾಸರಗೋಡಿನದು ಬಹುಮಟ್ಟಿಗೆ ಮಲಯಾಳದಲ್ಲಿ. ಕನ್ನಡ ಮಾತ್ರ ಓದಬಲ್ಲ ಮುದುಕರು ಬಸ್‌ಸ್ಟ್ಯಾಂಡಿನಲ್ಲಿ ಕೂತೇ ಇರುತ್ತಾರೆ.

2020ರ ಮಾರ್ಚಿನಲ್ಲಿ ಕೊರೊನಾ ಕಾಲಕ್ಕೆ ಕರ್ನಾಟಕ ತಲಪಾಡಿಯಲ್ಲಿ ಹೆದ್ದಾರಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿಸಿತು. ಕಾಸರಗೋಡಿನವರ ದೊಡ್ಡಾಸ್ಪತ್ರೆ ಎಂದರೆ ಮಂಗಳೂರು. ಚಿಕಿತ್ಸೆ ಸಿಗದೆ ರೋಗಿಗಳು ತೀರಿಕೊಂಡ ಸುದ್ದಿ ದಿನವೂ ಪತ್ರಿಕೆಯಲ್ಲಿ. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತುರ್ತು ಚಿಕಿತ್ಸೆಯ ವಾಹನಗಳಿಗೆ ದಾರಿ ತೆರವು ಮಾಡಿಸಲು ಕೇಂದ್ರಕ್ಕೆ ಹೇಳಿತು. ಏಪ್ರಿಲ್ 7ರಂದು ಸುಪ್ರೀಂ ಕೋರ್ಟಿನಲ್ಲಿ ರೋಗಿಗಳನ್ನು ಬಿಡುವ ಒಪ್ಪಂದವಾಯಿತು. ಮಗಳ ಅತ್ತೆಗೆ ಆಗ ಮಂಗಳೂರಿನಲ್ಲೇ ಔಷಧ ನಡೆಯುತ್ತಿತ್ತು. ಬಳ್ಳಾರಿಯಲ್ಲಿ ಕೂತು ನಾನು ಫೋನು ಮಾಡುವುದು, ಆಕೆ "ಇವತ್ತೂ ಇಲ್ಲಪ್ಪಾ" ಎನ್ನುವುದು. ರೋಗ ತಡೆಯಲು ದಾರಿ ಕಟ್ಟಿದ್ದನ್ನು ಒಪ್ಪಬಹುದು. ಆಂಬುಲೆನ್ಸಿಗೂ ಬಿಡದ ಮಣ್ಣುಗುಡ್ಡೆಯನ್ನು ನಾನು ಇಂದಿಗೂ ಒಪ್ಪಿಲ್ಲ.

ಬಂಡೀಪುರದ್ದು ಬೇರೆ. ವನ್ಯಪ್ರಾಣಿಗಳಿಗಾಗಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಮುಚ್ಚುವ ಆ ದಾರಿಯ ಹೊತ್ತು ಎಲ್ಲ ಚಾಲಕರಿಗೂ ಬಾಯಿಪಾಠ.

ಈಗ ಹೊರಡುವ ಮುಂಚೆ ನಾನು ಎರಡೂ ಕಡೆಯ ಜಿಲ್ಲಾಧಿಕಾರಿಗಳ ಪ್ರಕಟಣೆ ನೋಡಿಸುತ್ತೇನೆ. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಫೋನು. ಮೊಬೈಲಿನ ನಕ್ಷೆಯನ್ನೇ ನಂಬಿ ಹೊರಡುವುದಿಲ್ಲ, ಈಗಷ್ಟೇ ಬಿದ್ದ ಗುಡ್ಡ ಅದರಲ್ಲಿ ಇರಲಿಕ್ಕಿಲ್ಲ. ಬಸ್‌ ಡಿಪೋದಲ್ಲಿ ಕೊನೆಯ ಬಸ್ಸು ದಾಟಿ ಬಂತೇ ಎಂದು ಕೇಳುತ್ತೇನೆ. ಆಮೇಲೆ ಸಕಲೇಶಪುರದಲ್ಲಿ ಚಹಾಕ್ಕೆ ನಿಂತು, ಕೆಳಗಿನಿಂದ ಬರುವ ಲಾರಿಗೆ ಕೈ ಅಡ್ಡ ಹಾಕುತ್ತೇನೆ.