ಷೋಕೇಸಿನ ಶಿಲಾಬಾಲಿಕೆ

ನಮ್ಮ ಡೊಂಬಿವಲಿ, ಠಾಣೆಗಳ ಕನ್ನಡಿಗರ ಮನೆಯಲ್ಲಿ ಗಾಜಿನ ಷೋಕೇಸು ಇದ್ದರೆ, ಅದರೊಳಗೆ ಗೇಣುದ್ದದ ಮರದ ಶಿಲಾಬಾಲಿಕೆಯೊಬ್ಬಳು ಇರುವುದೂ ಹೆಚ್ಚುಕಡಿಮೆ ಖಂಡಿತ. ಊರಿಗೆ ಹೋದವರು ತಂದದ್ದೋ, ಗೃಹಪ್ರವೇಶಕ್ಕೆ ಬಂದ ಉಡುಗೊರೆಯೋ. ‘ಬೇಲೂರಿನದರ ನಕಲು’ ಎಂದು ಬಂದವರಿಗೆ ಹೇಳಿ ಮುಗಿಸಿಬಿಡುತ್ತೇವೆ. ಈ ನಕಲಿನ ಕಥೆ ಅಷ್ಟು ಸರಳವಾದುದಲ್ಲ.

ಹೊಯ್ಸಳ ವಿಷ್ಣುವರ್ಧನನು ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿದ್ದು 1117ರಲ್ಲಿ. ಅಲ್ಲಿಯ ಮದನಿಕೆಯರನ್ನು ಕಡೆದದ್ದು ಬಳಪದ ಕಲ್ಲಿನಲ್ಲಿ. ಅಗೆದು ತೆಗೆದಾಗ ಮೆದು, ಗಾಳಿ ತಾಗಿದಂತೆ ಗಟ್ಟಿ. ಸರದ ಮಣಿಗಳನ್ನೂ ತಲೆಯ ಮೇಲಿನ ಬಳ್ಳಿಯ ಎಲೆಯೆಲೆಯನ್ನೂ ಬಿಡಿಸಿರುವ ಬಗೆಯನ್ನು ನೋಡಿದರೆ, ಗಂಧದ, ದಂತದ ಕೆಲಸದಲ್ಲಿ ಪಳಗಿದ ಕೈ ಕಲ್ಲಿಗೆ ಬಂದಂತೆ ತೋರುತ್ತದೆ. ಹೊಯ್ಸಳ ಶಿಲ್ಪವನ್ನು ಕುರಿತು ಬರೆದ ವಿದ್ವಾಂಸರಲ್ಲಿ ಹಲವರು ಹೀಗೆಯೇ ಹೇಳಿದ್ದಾರೆ. ಹಾಗಾದರೆ ಯಾವುದು ಯಾವುದರ ನಕಲು?

ಮರದ ಬಾಲಿಕೆಯರ ತವರು ಸಾಗರ, ಸೊರಬ, ಮತ್ತೆ ಘಟ್ಟದ ಕೆಳಗಿನ ಕುಮಟೆ, ಹೊನ್ನಾವರ. ಅಲ್ಲಿಯ ಗುಡಿಗಾರರಿಗೆ ಇದು ಕುಲಕಸಬು. ಮದುವೆಗೆ ಬೆಂಡಿನ ಬಾಸಿಂಗ ಮಾಡುವವರೂ ಅವರೇ. ಪೋರ್ಚುಗೀಸರ ಕಾಟಕ್ಕೆ ಗೋವೆ ಬಿಟ್ಟು ಬಂದವರು ತಮ್ಮ ಹಿರಿಯರೆಂಬ ಐತಿಹ್ಯ ಅವರಲ್ಲಿದೆ. (ಊರು ಬಿಟ್ಟು ಬಂದವರ ನಂಟು ನಮಗೂ ಉಂಟಷ್ಟೆ!) ಉತ್ತರ ಕನ್ನಡ 1862ರಿಂದ 1956ರವರೆಗೆ ಮುಂಬಯಿಯ ಆಡಳಿತಕ್ಕೆ ಸೇರಿದ್ದ ಜಿಲ್ಲೆ. ಆ ಕಾಲದಲ್ಲಿ ಗುಡಿಗಾರರು ಹೆಸರಾಗಿದ್ದುದು ಬಳ್ಳಿ, ಹೂವು, ದೇವತೆಗಳನ್ನು ಒತ್ತೊತ್ತಾಗಿ ಕೆತ್ತಿದ ಗಂಧದ ಪೆಟ್ಟಿಗೆಗಳಿಗೆ.

ಬೇಲೂರಿನ ಕೆಲವು ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂದು ಶಿಲ್ಪಿಗಳ ಹೆಸರುಗಳಿವೆ. ಬಳ್ಳಿಗಾವೆ ಇರುವುದು ಶಿಕಾರಿಪುರ ತಾಲ್ಲೂಕಿನಲ್ಲಿ, ಸೊರಬದ ನೆರೆಯಲ್ಲೇ. ಗುಡಿಗಾರರು ದಾಸೋಜನ ಸಂತತಿಯೆಂದು ಹೇಳಲು ಆಧಾರವಿಲ್ಲ, ಹೇಳುವುದೂ ಸಲ್ಲದು. ಆದರೂ ಅವನ ಸುಂದರಿಯರು ಶತಮಾನಗಳ ಮೇಲೆ ಅವನ ಸೀಮೆಯಲ್ಲೇ ಮರದಲ್ಲಿ ಮೈತಳೆದರಲ್ಲ, ಅದು ನನಗೆ ಸಂತೋಷದ ಸಂಗತಿ.

ಕಳೆದುಕೊಂಡದ್ದೂ ಇದೆ. ಬೇಲೂರಿನ ಮದನಿಕೆ ಕಂಬದ ತಲೆಗೂ ಸೂರಿಗೂ ನಡುವೆ ಮುಂದಕ್ಕೆ ಬಾಗಿ ನಿಂತವಳು, ಕತ್ತೆತ್ತಿ ನೋಡಬೇಕು. ಷೋಕೇಸಿನಲ್ಲಿ ನೆಟ್ಟಗೆ ನಿಲ್ಲಿಸಿದರೆ ಆ ವಾಲು ಹೋಯಿತು.

ಇನ್ನು ಮರದ ಮಾತು. ಗಂಧವನ್ನು ಟಿಪ್ಪು 1792ರಲ್ಲಿ ರಾಜವೃಕ್ಷವೆಂದು ಸಾರಿದ. ತನ್ನ ಹಿತ್ತಿಲ ಗಂಧದ ಮರವೂ ರೈತನದಾಗಲು ಕರ್ನಾಟಕದಲ್ಲಿ 2001ರ ಕಾಯ್ದೆ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಪರಿಮಳವಿರುವುದು ಚೇಗಿನಲ್ಲಿ ಮಾತ್ರ. ಅದು ಬಲಿಯಲು ದಶಕಗಳೇ ಬೇಕು. ಕಳ್ಳರು ಕಡಿದರು, ಬೆಲೆ ಏರಿತು, ಕುಶಲಕರ್ಮಿಗೆ ಸಿಗುವ ಗಂಧ ಕಡಿಮೆಯಾಯಿತು. ಈಗ ಶಿವನಿ ಮರದಲ್ಲಿ ಕೆತ್ತುತ್ತಾರೆ. ಅದು ಪ್ರಾಮಾಣಿಕವಾದ ಕೆಲಸ. ಯಾವುದೋ ಬಿಳಿ ಮರಕ್ಕೆ ಗಂಧದೆಣ್ಣೆ ಸವರಿ ಗಂಧವೆಂದೇ ಮಾರುವವರೂ ಉಂಟು. ನಿಜವಾದ ನಕಲು ಎಂದರೆ ಅದು.

ಇದನ್ನು ಬರೆಯುವ ಮುನ್ನ ನಮ್ಮ ಮನೆಯವಳನ್ನೂ ಕೆಳಗಿಳಿಸಿ, ಧೂಳು ಒರೆಸಿ, ಪೀಠವನ್ನು ತಿರುಗಿಸಿ ನೋಡಿದೆ. ಬೆಲೆಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಕೆತ್ತಿದವನ ಹೆಸರು ಇರಲಿಲ್ಲ.